ಒಂದು ಮೈಲಿಗೆ ಎಷ್ಟು ಸೀರೆ?

ಇವತ್ತು ನಾನು ಮಾಡಿದ ಕೆಲಸಗಳು ಇಷ್ಟು. ನಸುಕಿನಲ್ಲಿ ಎದ್ದು ನೀರೊಲೆಗೆ ಉರಿ ಹಾಕಿದೆ. ಹಾಲು ಕಾಸಿದೆ, ನಿನ್ನೆಯ ಮೊಸರು ಕಡೆದೆ. ಶೇಂಗಾ ಹುರಿದು ಅರ್ಧದಷ್ಟರ ಸಿಪ್ಪೆ ತೆಗೆದೆ. ಯಜಮಾನರ ಬಿಳಿ ಕೋಟಿಗೆ ಬಿದ್ದುಹೋಗಿದ್ದ ಗುಂಡಿ ಹಚ್ಚಿದೆ. ಲಕ್ಷ್ಮೇಶ್ವರದ ಹಾದಿಗೆ ಹೋಗಿ ಸರಕಾರದ ಒಂದು ಮೈಲನ್ನು ಈ ಕಲ್ಲಿನಿಂದ ಆ ಕಲ್ಲಿನವರೆಗೆ ಸೀರೆಯ ಲೆಕ್ಕದಲ್ಲಿ ಅಳೆದೆ. ಮನೆಗೆ ಬಂದು ಉಳಿದರ್ಧ ಶೇಂಗಾದ ಸಿಪ್ಪೆ ತೆಗೆದೆ.

ಶೇಂಗಾದ ನಡುವೆ ಮೈಲು ಎಲ್ಲಿಂದ ಬಂತು ಎನ್ನುತ್ತೀರಾ? ಹೇಳುತ್ತೇನೆ. ಸಮಾಧಾನವಾಗಿ ಹೇಳುತ್ತೇನೆ. ಸಿಟ್ಟು ಬಂದಾಗಲೇ ನಾನು ಹೆಚ್ಚು ಸಮಾಧಾನವಾಗಿರುವುದು. (ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಅದಕ್ಕೇ ನಾನು ಮೆಲ್ಲಗೆ ಮಾತಾಡಿದರೆ ಹೆದರುತ್ತಾರೆ.)

ನಮ್ಮ ಯಜಮಾನರು ಹಲ್ಲಿನ ಡಾಕ್ಟರು. ಈ ಅಂಕಣ ಓದುವವರಿಗೆ ಇದು ಹೊಸ ಸುದ್ದಿಯಲ್ಲ. ನಿಮ್ಮಲ್ಲಿ ಕೆಲವರ ದವಡೆ ಹಲ್ಲು ನಮ್ಮ ದವಾಖಾನೆಯ ಡಬ್ಬಿಯಲ್ಲೇ ಇದೆ. ಗದಗಿನ ದವಾಖಾನೆಯಲ್ಲದೆ ವಾರಕ್ಕೆ ಎರಡೆರಡು ಸಲ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೂ ಹೋಗಿ ನೋಡುತ್ತಾರೆ. ಹಲ್ಲು ಕೊರೆಯುವ ಯಂತ್ರ ಕಾಲಿನಿಂದ ತುಳಿಯುವಂಥದ್ದು, ಹೊಲಿಗೆ ಮಿಶನ್ನಿನ ಹಾಗೆ. ಎತ್ತಲು ಇಬ್ಬರು ಬೇಕು. ಅದನ್ನು ಸಾಗಿಸಲಿಕ್ಕೆಂದೇ ಹೋದ ಶ್ರಾವಣದಲ್ಲಿ ಬೂದು ಬಣ್ಣದ ಹೊಸ ಕಾರು ಕೊಂಡೆವು.

ಕಾರಿನ ಜೊತೆ ಒಂದು ಕಾಗದವೂ ಬಂತು. ಗ್ಯಾರಂಟಿ. ಆರು ತಿಂಗಳು ಅಥವಾ ಆರು ಸಾವಿರ ಮೈಲು, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಒಳಗಿನ ಯಂತ್ರ ಕೆಟ್ಟರೆ ಕಂಪನಿಯೇ ಬದಲಿಸಿ ಕೊಡಬೇಕು. ನಾನು ಅದನ್ನು ಓದಿ, ಮಡಚಿ, ಕುಂಕುಮ ಹಚ್ಚಿ, ದೇವರ ಗೂಡಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟೆ. ಅವತ್ತೇ ಹೊಸದೊಂದು ವಹಿ ತೆಗೆದು ಬರೆಯಲು ಶುರುಮಾಡಿದೆ: ಕಾರು ಯಾವ ಊರಿಗೆ ಹೋಯಿತು, ಮೀಟರು ಹೋಗುವಾಗ ಎಷ್ಟಿತ್ತು, ಬಂದಾಗ ಎಷ್ಟಾಯಿತು, ಯಾರ ಹಲ್ಲು ಕಿತ್ತರು. ಉಪ್ಪಿನಕಾಯಿ ಭರಣಿಯ ತಾರೀಖು ಬರೆದಿಡುವ ಹೆಂಗಸು ನಾನು. ಕಾರಿನದು ಬಿಡುತ್ತೇನೆಯೇ?

ಮೂರು ವಾರದ ಹಿಂದೆ, ಶಿರಹಟ್ಟಿಯಿಂದ ಬರುವಾಗ, ಮಾಗಡಿ ಕೆರೆಯ ಹತ್ತಿರ ಕಾರಿನ ಟಾಪ್ ಗೇರು ಠಕ್ಕೆಂದು ಹೊರಗೆ ಜಿಗಿಯಿತು. ಮತ್ತೆ ಹಾಕಿದರು. ಮತ್ತೆ ಜಿಗಿಯಿತು. ಮೂರನೆಯ ಸಲ ಎಂಥ ಸದ್ದು ಬಂತೆಂದರೆ ಕೆರೆಯಲ್ಲಿ ತೇಲುತ್ತಿದ್ದ ಪರದೇಶದ ಬಾತುಗಳೆಲ್ಲ ಒಮ್ಮೆಲೇ ಎದ್ದವು. ಅಲ್ಲಿಂದ ಮನೆಯವರೆಗೆ ಎರಡನೇ ಗೇರಿನಲ್ಲಿ ಗೊರಗೊರ ಅನ್ನಿಸುತ್ತ ಬಂದೆವು.

"ಚಿಂತಿ ಬ್ಯಾಡ್ರಿ. ಗ್ಯಾರಂಟಿ ಐತಿ," ಎಂದೆ ನಾನು.

ಏಜೆನ್ಸಿಯವರು ಬರೆದುಕೊಡಿ ಎಂದರು. ಮನೆಯಲ್ಲಿ ಅಕ್ಷರ ಚೆನ್ನಾಗಿರುವುದು ನನ್ನದು (ಡಾಕ್ಟರ ಅಕ್ಷರ ಕಂಪೌಂಡರನಿಗೂ ತಿಳಿಯುವುದಿಲ್ಲ). ಕೂತು ಬರೆದೆ. ಕಾರು ಕೊಂಡ ದಿನ, ಕೆಟ್ಟ ಜಾಗ, ಕೆಟ್ಟ ಬಗೆ, ಮೀಟರಿನ ಅಂಕಿ: ಆರು ಸಾವಿರದ ಆರುನೂರ ಐವತ್ತು. ಆರು ಸಾವಿರ ಯಾವಾಗ ದಾಟಿತೆಂದು ನೋಡಿಕೊಂಡಿರಲೇ ಇಲ್ಲ. ದಿನಾ ಅಂಕಿ ಬರೆಯುವವಳು ಅಂಕಿಯ ಅರ್ಥ ಮರೆತಿದ್ದೆ. ಆರು ತಿಂಗಳು ಇನ್ನೂ ತುಂಬಿಲ್ಲ ಎಂಬ ಗುಂಗಿನಲ್ಲಿ ನನ್ನ ಕೈಯಾರೆ ಬರೆದುಕೊಟ್ಟೆ.

ಮುಂಬಯಿಯ ಹಿರಿಯ ಆಫೀಸಿನಿಂದ ಎರಡು ಸಾಲಿನ ಉತ್ತರ ಬಂತು. ಆರು ಸಾವಿರ ಮೈಲು ದಾಟಿದೆ, ಗ್ಯಾರಂಟಿ ಮುಗಿದಿದೆ, ವಂದನೆಗಳು.

ಎರಡನೇ ಗೇರಿನಲ್ಲೇ ದಿನಾ ಓಡಿಸಿದರೆ ಉಳಿದ ಯಂತ್ರವೂ ಹೋದೀತೆಂದು ಕಾರು ಅಂಗಳದಲ್ಲಿ ನಿಂತಿತು. ಡಾಕ್ಟರು ಒಂದು ಸಲ ಧೈರ್ಯ ಮಾಡಿ ಯಂತ್ರವನ್ನು ಬಸ್ಸಿನ ಟಾಪಿನ ಮೇಲೆ ಹೇರಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೊರಟರು. "ಇದೇನ್ರಿ ಡಾಕ್ಟರ್ರ, ಚಾಕೂಕ ಸಾಣಿ ಹಿಡಿಯೂ ಗಾಲಿ ಏನು?" ಎಂದು ಕಂಡಕ್ಟರು ನಕ್ಕ. ಮುಳಗುಂದ ದಾಟುವಷ್ಟರಲ್ಲಿ ಯಂತ್ರದ ತುಳಿಯುವ ಹಲಗೆ ಸೊಟ್ಟಗಾಗಿತ್ತು. ಅಲ್ಲಿಂದಲೇ ವಾಪಸು ಬಂದರು. ಅದನ್ನು ನೆಟ್ಟಗೆ ಮಾಡಿಸಲು ಎರಡು ದಿನ ಹಿಡಿಯಿತು.

ಇದರಿಂದ ಹೆಚ್ಚು ಪೇಚಾಡಿದವಳು ಶಿಗ್ಲಿಯ ನೀಲವ್ವ. ಅರವತ್ತು ದಾಟಿದ ನೇಕಾರ ಹೆಣ್ಣುಮಗಳು. ಅಲುಗಾಡುತ್ತಿದ್ದ ಅವಳ ಹಲ್ಲುಗಳನ್ನೆಲ್ಲ ನಮ್ಮ ಡಾಕ್ಟರು ಕಿತ್ತು, ಒಸಡು ಮಾಗಿದ ಮೇಲೆ ಅಳತೆ ತೆಗೆದು, ಹೊಸ ಸೆಟ್ಟು ಮಾಡಿಟ್ಟಿದ್ದರು. ಅದನ್ನು ಬಾಯಿಗೆ ಕೂಡಿಸಿ, ಒತ್ತುವ ಕಡೆ ಅದೇ ಯಂತ್ರದಿಂದ ತಿಕ್ಕಿ ಸರಿಮಾಡಬೇಕು. ಒಂದೇ ಸಲಕ್ಕೆ ಕೂಡುವುದಲ್ಲ. ಎರಡು ಮೂರು ಸಲ ನೋಡಬೇಕು. ಕಾರೇ ನಿಂತ ಮೇಲೆ ಹಲ್ಲು ನಮ್ಮ ಕಪಾಟಿನಲ್ಲಿ, ಬಾಯಿ ಶಿಗ್ಲಿಯಲ್ಲಿ.

ಕಾದು ಕಾದು ಬೇಸತ್ತು ನೀಲವ್ವ ಹೋದ ಸೋಮವಾರ ತಾನೇ ಗದಗಿಗೆ ಬಂದಳು. ಹೊಸಿಲು ದಾಟುವ ಮೊದಲೇ ಕೇಳಿದಳು.

"ಯವ್ವಾ, ನನ್ನ ಹಲ್ಲ ಎಲ್ಲಿಗೆ ಬಂದ್ವು?"

"ಬಾ ನೀಲವ್ವ, ಕುಂಡ್ರು. ಹಲ್ಲ ತಯಾರ ಅದಾವ. ಕಾರ ಕೆಟ್ಟೈತಿ, ತಿಕ್ಕೂ ಯಂತ್ರನೂ ರಿಪೇರಿಗೆ ಹೋಗೈತಿ."

"ಊಟಕ್ಕ ನಾ ಅಳೂದಿಲ್ಲ ತಾಯಿ. ರೊಟ್ಟಿ ಹಾಲಾಗ ನೆನಿಸಿ ತಿಂತೀನಿ. ಎಳಿ ಕಡಿಯಾಕ ಹಲ್ಲ ಬೇಕು."

ಮಗ್ಗದ ಮೇಲೆ ನೂಲು ಹರಿದರೆ ಎರಡು ತುದಿಗಳನ್ನು ಕೈಯಿಂದ ಹೊಸೆದು, ಉಳಿದ ಬಾಲವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುತ್ತಾರೆ. ಕತ್ತರಿ ಇಟ್ಟುಕೋ ಎಂದೆ. ನನ್ನನ್ನು ಎಳೆಮಗುವನ್ನು ನೋಡಿದಂತೆ ನೋಡಿದಳು.

"ಕತ್ತರಿ ಹಿಡದ್ರ ಒಂದ ಕೈ ಹೋತು. ಎಳಿ ಹಿಡಿಯಾಕ ಎರಡೂ ಕೈ ಬೇಕು. ದೇವರು ಮೂರನೇ ಕೈ ಅಂತನ ಬಾಯಿ ಕೊಟ್ಟಾನ. ಸೊಸಿ ಈಗ ನನ್ನ ಮಗ್ಗದ ಮ್ಯಾಲಿಂದ ಎಬ್ಬಿಸ್ಯಾಳ. ಅತ್ತಿ, ನೀ ಕುಂತ್ರ ಸೀರಿ ತುಂಬ ಬಾಲ ಬಿಡ್ತಿ, ಅಂತಾಳ."

ನಲವತ್ತು ವರ್ಷ ಕೂತ ಮಗ್ಗ. ಅದರಿಂದ ಎಬ್ಬಿಸಿದ್ದಾಳೆ. ಹೇಳುವಾಗ ನೀಲವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಅವಳಿಗೆ ಚಹಾ ಕೊಟ್ಟು, ಕಾರು ಒಮ್ಮೆ ನೋಡಲೆಂದು ಹೇಳಿಕಳಿಸಿದ್ದ ಓಣಿಯ ಮೇಸ್ತ್ರಿಯ ಜೊತೆ ಅಂಗಳದಲ್ಲಿ ನಿಂತೆ. ಅವನು ಕಿಟಕಿಯಿಂದ ತಲೆ ಹಾಕಿ ಮೀಟರು ನೋಡಿ ಚುಚ್ಚ್ ಎಂದ.

"ಅಕ್ಕಾರ, ಪತ್ರ ಬರಿಯೂಕಿಂತ ಮೊದಲ ನನಗ ಹೇಳಬಾರದ? ಹತ್ತ ಮಿನಿಟಿನ ಕೆಲಸ. ಸಾವಿರ ಮೈಲ ಹಿಂದ ಸರಸ್ತಿದ್ದೆ. ಕಂಪನ್ಯಾವ್ರು ಮೀಟರ್ ನೋಡ್ತಾರ, ಮತ್ತೇನ ನೋಡ್ತಾರ?"

"ಸುಳ್ಳ ಅಂಕಿ ಬರಿಯಾಕ ನನ್ನ ಕೈ ಬರೂದಿಲ್ಲಪ."

"ಈಗ ಬರದದ್ದು ಖರೆ ಅಂತ ನಿಮಗ ಹೆಂಗ ಗೊತ್ತು?"

ತಮಾಷೆಗೆ ಅಂದ. ಕೈ ಒರೆಸಿಕೊಂಡು ಹೋದ. ನಾನು ಅಲ್ಲೇ ನಿಂತೆ.

ಹೌದಲ್ಲ. ನನಗೆ ಹೇಗೆ ಗೊತ್ತು?

ವಹಿ ತೆಗೆದೆ. ಗದಗ–ಲಕ್ಷ್ಮೇಶ್ವರ, ಇಪ್ಪತ್ತೆಂಟು ಮೈಲು. ಲಕ್ಷ್ಮೇಶ್ವರ–ಗದಗ, ಇಪ್ಪತ್ತೆಂಟು. ಮುಂದಿನ ಪುಟ, ಇಪ್ಪತ್ತೆಂಟು. ನಲವತ್ತಕ್ಕೂ ಹೆಚ್ಚು ಸಲ ನನ್ನ ಕೈಯಿಂದಲೇ ಇಪ್ಪತ್ತೆಂಟು ಬರೆದಿದ್ದೇನೆ. ಲಕ್ಷ್ಮೇಶ್ವರ ನನ್ನ ತವರು. ಇಪ್ಪತ್ತನಾಲ್ಕು ಮೈಲು ಎಂದು ಹುಟ್ಟಿದಾಗಿನಿಂದ ಕೇಳಿದವಳು ನಾನು. ಮದುವೆಯಾಗಿ ಬರುವಾಗ ಬಂಡಿಯಲ್ಲಿ ಕೂತು ಕಲ್ಲು ಎಣಿಸುತ್ತ ಅತ್ತವಳು. ಆದರೂ ಇಷ್ಟು ದಿನ ಕಣ್ಣಿಗೆ ಬೀಳಲಿಲ್ಲ. ಯಾಕೆ? ಮೀಟರು ಹೇಳಿತಲ್ಲ! ಗಾಜಿನ ಒಳಗೆ ಕೂತು ಅಂಕಿ ಹೇಳಿದರೆ ನಮಗೆ ಹುಟ್ಟಿದೂರಿನ ಹಾದಿಯೂ ಮರೆತುಹೋಗುತ್ತದೆ.

ಇಪ್ಪತ್ತನಾಲ್ಕಕ್ಕೆ ಇಪ್ಪತ್ತೆಂಟು. ಎಂದರೆ ಆರು ಮೈಲಿಗೆ ಏಳು ತೋರಿಸುತ್ತದೆ. ಆರು ಸಾವಿರದ ಆರುನೂರ ಐವತ್ತರ ಜಾಗದಲ್ಲಿ ಕಾರು ಖರೆ ಓಡಿದ್ದು ಐದು ಸಾವಿರದ ಏಳುನೂರು. ಗ್ಯಾರಂಟಿ ಸತ್ತಿರಲಿಲ್ಲ. ಜೀವಂತ ಇರುವಾಗಲೇ ಹೂಳಿದ್ದರು. ಆದರೆ ಆರು ತಿಂಗಳು ತುಂಬಲು ಉಳಿದದ್ದು ಒಂಬತ್ತೇ ದಿನ.

ಡಾಕ್ಟರಿಗೆ ತೋರಿಸಿದೆ. ಅವರಿಗೆ ಸಂತೋಷವಾಗುವ ಬದಲು ಮುಖ ಸಣ್ಣದಾಯಿತು.

"ಹಂಗಾರ ಸ್ಪೀಡಿನ ಮುಳ್ಳೂ ಸುಳ್ಳೇನು? ನಾ ಮೂವತ್ತೈದರಾಗ ಹೊಡೀತಿದ್ನಲ್ಲ?"

"ಮೂವತ್ತರಾಗ್ರಿ."

"ಅದಕ ಬಸ್ಸು ಹಾರ್ನ್ ಹೊಡದು ಮುಂದ ಹೋಗ್ತಿತ್ತು," ಎಂದರು. (ಗಂಡಸರಿಗೆ ಗೇರ್‌ಬಾಕ್ಸು ಹೋದರೆ ತಡೆದುಕೊಳ್ಳುತ್ತಾರೆ. ಐದು ಮೈಲು ವೇಗ ಹೋದರೆ ಊಟ ಸೇರುವುದಿಲ್ಲ.)

ವಹಿ ಬಗಲಲ್ಲಿಟ್ಟುಕೊಂಡು ಏಜೆನ್ಸಿಗೆ ಹೊರಟೆ. ನೀಲವ್ವನೂ ಬಂದಳು, ಬಸ್ ಸ್ಟ್ಯಾಂಡು ಅದೇ ದಾರಿ.

ಏಜೆನ್ಸಿಯ ಮ್ಯಾನೇಜರು ಸಭ್ಯರೇ. ಕುರ್ಚಿ ಹಾಕಿಸಿದರು. ಪಕ್ಕದ ದೊಡ್ಡ ಅರಿವೆ ಅಂಗಡಿ ಅವರ ಅಣ್ಣನದು. ನಡುವೆ ಒಂದು ಬಾಗಿಲು, ಯಾವಾಗಲೂ ತೆರೆದೇ ಇರುತ್ತದೆ.

"ಅಕ್ಕಾರ, ನೀವ ಬರದೀರಲ್ಲ, ಆರು ಸಾವಿರದ ಆರನೂರಾ ಐವತ್ತು ಅಂತ. ಅಕ್ಷರ ಮುತ್ತಿನಂಗ ಅದಾವ. ನಾ ಏನ್ ಮಾಡ್ಲಿ?"

"ಅಕ್ಷರ ನಂದು. ಅಂಕಿ ನಿಮ್ಮ ಮೀಟರಿಂದು."

"ಮೀಟರ್ ವಿಲಾಯತಿದ್ರಿ. ಅದು ತಪ್ಪೂದಿಲ್ಲ."

"ಲಕ್ಷ್ಮೇಶ್ವರ ಎಷ್ಟ ಮೈಲ್ರಿ ಇಲ್ಲಿಂದ?"

"ಇಪ್ಪತ್ನಾಕು."

"ನಿಮ್ಮ ಮೀಟರಿಗೆ ಇಪ್ಪತ್ತೆಂಟು." ವಹಿ ಮುಂದಿಟ್ಟೆ.

ನಾಲ್ಕು ಪುಟ ತಿರುವಿದರು. "ಎಲ್ಲೆರೆ ಸುತ್ತ ಹಾಕಿ ಹೋಗಿರಬೇಕು."

"ನಲವತ್ತು ಸಲಾನೂ ಅಷ್ಟಷ್ಟ ಸುತ್ತ ಹಾಕಿದ್ವೇನ್ರಿ? ಹಾದಿ ಬದೀಗೆ ಮೈಲುಗಲ್ಲ ಅದಾವ. ಬರ್ರಿ, ತೋರಸ್ತೀನಿ."

ಆಗ ಅವರು ನಕ್ಕರು. ಆ ನಗುವಿಗೇ ನಾನು ಇಷ್ಟೆಲ್ಲ ಮಾಡಿದ್ದು.

"ಯಾವ ಕಲ್ರಿ ಅಕ್ಕಾರ? ಇತ್ತಲಾಗಿನ ಕಲ್ಲು ರಸ್ತೆ ರಿಪೇರಿಯೊಳಗ ಕಿತ್ತು ಮನಸಿಗೆ ಬಂದಲ್ಲೆ ನೆಟ್ಟಾರ. ಅತ್ತಲಾಗಿನವು ಸಂಸ್ಥಾನದ ಕಲ್ಲು. ಲಕ್ಷ್ಮೇಶ್ವರ ಮಿರಜಿಂದು, ಶಿರಹಟ್ಟಿ ಸಾಂಗಲಿದು. ಯಾರ ಅಳದ್ರೋ, ಯಾರ ನೆಟ್ರೋ. ಆ ರಾಜರ ಇಲ್ಲ, ಆ ರಾಜ್ಯ ಇಲ್ಲ. ಅವರ ಕಲ್ಲ ನಂಬಿ ಕಂಪನಿ ಗೇರ್‌ಬಾಕ್ಸ್ ಕೊಡತೈತೇನ್ರಿ?"

ಓದುಗರೇ, ನಾನು ಹುಟ್ಟಿದಾಗ ನನ್ನ ಊರು ಒಬ್ಬ ರಾಜನದು. ಗದಗಿಗೆ ಮದುವೆಯಾಗಿ ಬಂದದ್ದೆಂದರೆ ಇಂಗ್ಲಿಷರ ಮುಲುಕಿಗೆ ಬಂದದ್ದು. ಗಡಿಯ ನಾಕಾದಲ್ಲಿ ನನ್ನ ಟ್ರಂಕು ತೆರೆಸಿ ಸೀರೆಯ ಮಡಿಕೆ ಬಿಡಿಸಿ ನೋಡಿದ್ದರು. ಆಮೇಲೆ ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ತವರೂ ಅತ್ತೆಮನೆಯೂ ಮುಂಬಯಿಗೆ ಸೇರಿದವು. ಈಗ ಮೂರು ತಿಂಗಳ ಹಿಂದೆ ನಾಡು ಒಂದಾಯಿತು, ಬೆಲ್ಲ ಹಂಚಿದೆವು. ಕಾರು ಕೊಂಡದ್ದು ಮುಂಬಯಿ ರಾಜ್ಯದ ಗದಗಿನಲ್ಲಿ, ಕೆಟ್ಟದ್ದು ಮೈಸೂರು ರಾಜ್ಯದ ಮಾಗಡಿಯಲ್ಲಿ. ನನ್ನ ತವರು ಕೂತಲ್ಲೇ ಕೂತು ಮೂರು ಸರಕಾರ ನೋಡಿತು. ಬೋರ್ಡು ಬದಲಾದವು, ಠಸ್ಸೆ ಬದಲಾದವು, ಶಾಲೆಯ ಹುಡುಗರ ನಕಾಶೆ ಬದಲಾಯಿತು.

ಕಲ್ಲು ಮಾತ್ರ ನಡೆದಾಡಲಿಲ್ಲ. ಅದರ ಮೇಲೆ ಕೂತು ನಾನು ಹುಣಸೆಕಾಯಿ ತಿಂದಿದ್ದೇನೆ. ಅದು ಸುಳ್ಳೆಂದರೆ ನನಗೆ ಕೇಳಿಸಿಕೊಂಡು ಸುಮ್ಮನಿರಲು ಆಗುವುದಿಲ್ಲ.

"ಹಂಗಾರ ಅಳದ ನೋಡೂಣ್ರಿ," ಎಂದೆ, ಬಹಳ ಮೆಲ್ಲಗೆ.

"ಮೈಲ ಅಳ್ಯಾಕ ಸರ್ವೇದವ್ರ ಸರಪಳಿ ಬೇಕು, ಅರ್ಜಿ ಹಾಕಬೇಕು, ತಿಂಗಳಾಗ್ತದ," ಎಂದರು. ನಮ್ಮ ಹತ್ತಿರ ಇದ್ದದ್ದು ಒಂಬತ್ತು ದಿನ. ಅದು ಅವರಿಗೂ ಗೊತ್ತಿತ್ತು.

ಅಲ್ಲಿಯವರೆಗೆ ಬಾಗಿಲ ಹತ್ತಿರ ಸುಮ್ಮನೆ ಕೂತಿದ್ದ ನೀಲವ್ವ ಬಾಯಿ ತೆರೆದಳು.

"ಒಂದ ಮೈಲಂದ್ರ ಎಷ್ಟ ಸೀರಿ ಆಗ್ತದ ಯಪ್ಪಾ?"

ಮ್ಯಾನೇಜರೂ ನಕ್ಕರು, ಗುಮಾಸ್ತನೂ ನಕ್ಕ. ನಾನು ನಗಲಿಲ್ಲ. ಕಾಗದದ ಮೂಲೆಯಲ್ಲಿ ಲೆಕ್ಕ ಹಾಕಿದೆ. ಮೈಲಿಗೆ ಸಾವಿರದ ಏಳುನೂರ ಅರವತ್ತು ವಾರ (ವಾರವೆಂದರೆ ಒಂದು ಗಜ). ಸೀರೆಗೆ ಎಂಟು ವಾರ.

"ಎರಡನೂರಾ ಇಪ್ಪತ್ತು ಸೀರಿ, ನೀಲವ್ವ."

"ಅಷ್ಟಽ? ನಾ ಏನ್ ಮುಗಿಲ ಅಳ್ಯೂದ್ ಐತಿ ಅಂತ ಮಾಡಿದ್ದೆ! ಎಂಟ ವಾರದ ಹಗ್ಗ ಮಾಡ್ತೀನಿ. ನೀ ಒಂದ ತುದಿ ಹಿಡಿ, ನಾ ಒಂದ ತುದಿ ಹಿಡೀತೀನಿ. ಮಗ್ಗಕ್ಕ ಉದ್ದ ಎಳಿ ಎಳದು ಹಾಸ ಹಾಕೂದ ನನ್ನ ಕೆಲಸ ಅಲ್ಲೇನು?"

"ಹಗ್ಗ ಜಗ್ಗತೈತ್ರಿ," ಎಂದರು ಮ್ಯಾನೇಜರು.

"ಗಂಜಿ ಉಣಿಸಿ ಒಣಗಿಸಿದ ನೂಲ ಜಗ್ಗೂದಿಲ್ಲ. ಜಗ್ಗಿದ್ರ ನೀ ಉಟ್ಟ ಧೋತರ ಇಷ್ಟೊತ್ತಿಗೆ ಮುಂಡರಗಿ ಮುಟ್ಟತಿತ್ತು."

"ಆದ್ರ ಆ ಎಂಟ ವಾರ ಯಾವ ಗಜದಿಂದ ಅಳ್ಯಾವ್ರು?"

ನಾನು ತೆರೆದ ಬಾಗಿಲಿನ ಕಡೆ ನೋಡಿದೆ. ಅಲ್ಲಿ ಅವರ ಅಣ್ಣ ಗಿರಾಕಿಯೊಬ್ಬರಿಗೆ ಜಂಪರಿನ ಅರಿವೆ ಅಳೆದು ಕೊಡುತ್ತಿದ್ದರು. ಕೈಯಲ್ಲಿ ಕಬ್ಬಿಣದ ಗಜ, ತುದಿಯಲ್ಲಿ ಸರಕಾರದ ಮುದ್ರೆ.

"ಆ ಗಜದಿಂದ," ಎಂದೆ.

"ಅದು ಅರಿವಿ ಗಜಾ ಅಕ್ಕಾರ, ರಸ್ತೇಕ ನಡ್ಯೂದಿಲ್ಲ," ಎಂದುಬಿಟ್ಟರು ಮ್ಯಾನೇಜರು.

ಅದೊಂದು ಮಾತು ಅವರು ಆಡಬಾರದಿತ್ತು. ಆಚೆಯಿಂದ ಅಣ್ಣ ಗುಡುಗಿದರು.

"ಏನಂದೀ? ನನ್ನ ಗಜಾ ಅರಿವಿಗೆ ಬ್ಯಾರೆ, ರಸ್ತೇಕ ಬ್ಯಾರೆ ಐತೇನಲೇ? ಮಂದಿ ಮುಂದ ಕುಂತು ನನ್ನ ಗಜಾ ಸುಳ್ಳ ಅಂತೀಯೇನು?"

ಅರಿವೆ ಕೊಳ್ಳುತ್ತಿದ್ದ ನಾಲ್ಕಾರು ಹೆಂಗಸರು ಕೈ ನಿಲ್ಲಿಸಿ ಗಜವನ್ನೇ ನೋಡತೊಡಗಿದರು. ಅಣ್ಣ ಗಜವನ್ನು ತಂದು ನನ್ನ ಕೈಗೇ ಕೊಟ್ಟರು. "ಒಯ್ಯಿರಿ ಅಕ್ಕಾರ. ದಿಲ್ಲಿತನಕ ಅಳೀರಿ. ಲೇ ತಮ್ಮಾ, ನೀನೂ ಹೋಗು. ಕಣ್ಣಾರೆ ನೋಡಿ ಬಾ."

ಹೀಗೆ ನಿಶ್ಚಯವಾಯಿತು. ಗ್ಯಾರಂಟಿ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಮೀಟರಿನಲ್ಲಿ ದೋಷವಿದ್ದರೆ ಏಜೆಂಟರು ಖುದ್ದಾಗಿ ಪರೀಕ್ಷಿಸಿ ಬರೆದುಕೊಡಬೇಕು. ಅದನ್ನು ಓದಿ ತೋರಿಸಿಯೇ ಎದ್ದೆ. ನಿಮ್ಮ ಮನೆಯ ಕಾಗದಗಳಲ್ಲೂ ಕೆಳಗಿನ ಸಣ್ಣ ಅಕ್ಷರ ಓದಿ. ಅವರು ಹೇಳದ ಮಾತೆಲ್ಲ ಅಲ್ಲಿರುತ್ತದೆ.

ಹೀಗಾಗಿ ಇವತ್ತು ಬೆಳಗ್ಗೆ ಕಾರಿನಲ್ಲಿ ಯಂತ್ರ, ನೀಲವ್ವನ ಹಲ್ಲು, ಕಬ್ಬಿಣದ ಗಜ, ಮುಂದಿನ ಸೀಟಿನಲ್ಲಿ ಠಸ್ಸೆಯ ಡಬ್ಬಿ ಸಮೇತ ಮ್ಯಾನೇಜರು. ಎರಡನೇ ಗೇರಿನಲ್ಲಿ ಗೊರಗೊರ ಅನ್ನುತ್ತ ಹೊರಟೆವು. ಸೈಕಲ್ಲಿನವನೊಬ್ಬ ಸ್ವಲ್ಪ ದೂರ ನಮ್ಮ ಜೊತೆಗೇ ಬಂದ.

ಯಾವ ಮೈಲು ಅಳೆಯುವುದು? "ನೀವ ನಕ್ಕ ಮೈಲ ಅಳಿಯೂಣ್ರಿ" ಎಂದು ಏಜೆನ್ಸಿಯಲ್ಲೇ ಹೇಳಿದ್ದೆ. ಲಕ್ಷ್ಮೇಶ್ವರದ ಕಡೆಯ ಸಂಸ್ಥಾನದ ಕಲ್ಲಿನ ಹತ್ತಿರ ನೀಲವ್ವ ಆಗಲೇ ಬಂದು ಕೂತಿದ್ದಳು. ಹೊಸೆದು ಗಂಜಿ ಉಣಿಸಿ ಒಣಗಿಸಿದ ನೂಲಿನ ಹುರಿ, ಎರಡು ಜಾಲಿ ಗೂಟ, ಕೆಂಪು ನೂಲಿನ ಉಂಡೆ. ಮ್ಯಾನೇಜರು ಗಜ ಇಟ್ಟು ಹುರಿ ಅಳೆದರು. ಎಂಟು ವಾರ, ಒಂದು ನೂಲಿನಷ್ಟೂ ಹೆಚ್ಚಿಲ್ಲ.

ಶುರುಮಾಡಿದೆವು. ಅವಳು ಮುಂದೆ, ನಾನು ಹಿಂದೆ. ಹುರಿ ಬಿಗಿ ಹಿಡಿ, ಗೂಟ ಊರು, ಏಳು, ನಡೆ, ಮತ್ತೆ ಕೂರು. ಹತ್ತು ಸಲಕ್ಕೊಮ್ಮೆ ಡಾಕ್ಟರು ಕೈಯಲ್ಲಿದ್ದ ಕೋಲಿಗೆ ಒಂದು ಕೆಂಪು ಎಳೆ ಕಟ್ಟುವುದು. ಇಪ್ಪತ್ತೆರಡು ಎಳೆ ಆದರೆ ಮೈಲು. ಮ್ಯಾನೇಜರು ಬೇರೆಯಾಗಿ ತಮ್ಮ ನೋಟ್‌ಬುಕ್ಕಿನಲ್ಲಿ ಗೀರು ಹಾಕುತ್ತಿದ್ದರು.

ಐದನೇ ಎಳೆಗೆ ನನ್ನ ಸೊಂಟ ಮಾತಾಡತೊಡಗಿತು. ಎಂಟನೇ ಎಳೆಗೆ ಹತ್ತಿ ಬಂಡಿಯವನೊಬ್ಬ ಎತ್ತು ನಿಲ್ಲಿಸಿದ.

"ಏನ್ ಅಳ್ಯಾಕತ್ತೀರಿ ಅಕ್ಕಾರ? ಹೊಸಾ ಸರಕಾರ ರಸ್ತೆ ಅಗಲ ಮಾಡತೈತೇನು?"

"ಇಲ್ಲೋ ಯಪ್ಪಾ," ಎಂದಳು ನೀಲವ್ವ, ತಲೆ ಎತ್ತದೆ. "ರಸ್ತೆಗೆ ಸೀರಿ ಉಡಸಾಕತ್ತೇವಿ. ಎಷ್ಟ ಬೇಕು ನೋಡಾಕತ್ತೇವಿ."

ಅವನು ನಮ್ಮನ್ನೂ, ಬಿಳಿ ಕೋಟಿನ ಡಾಕ್ಟರನ್ನೂ ನೋಡಿ, ಏನೋ ಅರ್ಥ ಮಾಡಿಕೊಂಡು, ಎತ್ತು ಹೊಡೆದ.

ಬಗ್ಗಿ ಏಳುವಾಗ ನನಗೆ ಒಂದೇ ಯೋಚನೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮುದುಕಿಯ ತೂಕದ ಕಲ್ಲಿಗೆ ಸರಕಾರದ ಮುದ್ರೆ ಬೇಕು. ಹಾಲಿನವನ ಮಾಪಿಗೆ ಬೇಕು, ಅರಿವೆಯವರ ಗಜಕ್ಕೆ ಬೇಕು. ತಪ್ಪಿದರೆ ಹಿಡಿಯುತ್ತಾರೆ. ಕಾರಿನ ಮೀಟರಿಗೆ ಯಾರ ಮುದ್ರೆ ಇದೆ? ಮಾಡುವವರು ಅವರೇ, ಕೂಡಿಸುವವರು ಅವರೇ, ಅದನ್ನು ನೋಡಿ ನಿನ್ನ ಗ್ಯಾರಂಟಿ ಮುಗಿಯಿತು ಎನ್ನುವವರೂ ಅವರೇ. ಮೇಸ್ತ್ರಿ ಹೇಳಿದಂತೆ ಅಂಕಿ ಹಿಂದೆ ತಿರುಗಿಸಿದ್ದರೆ, ಆ ಸುಳ್ಳನ್ನು ನಂಬಿ ಮಾತಿಲ್ಲದೆ ಗೇರ್‌ಬಾಕ್ಸು ಕೊಡುತ್ತಿದ್ದರು. ನಿಜ ಬರೆದದ್ದಕ್ಕೆ ಕೊಡಲಿಲ್ಲ. ಇದಕ್ಕೆ ಏನನ್ನಬೇಕು?

ಇಪ್ಪತ್ತೆರಡನೇ ಎಳೆ ಕಟ್ಟಿದರು. ಹುರಿಯ ತುದಿ ಮುಂದಿನ ಕಲ್ಲಿಗೆ ಎರಡು ಮೊಳ ಈಚೆಗೆ ನಿಂತಿತು. ಇನ್ನೂರ ಇಪ್ಪತ್ತು ಸೀರೆ, ಮೇಲೆ ಎರಡು ಮೊಳ. ನೀಲವ್ವ ಸೊಂಟಕ್ಕೆ ಕೈಕೊಟ್ಟು ಎದ್ದು, ಕಲ್ಲನ್ನು ಮಗುವಿನ ತಲೆ ತಟ್ಟಿದಂತೆ ತಟ್ಟಿದಳು.

"ರಾಜಾ ಎರಡ ಮಳ ಹೆಚ್ಚಽ ಕೊಟ್ಟಾನ ನೋಡ. ಸೆರಗಿಗೆ ಬಿಟ್ಟಾನ."

ಮ್ಯಾನೇಜರು ಮತ್ತೆ ಗಜ ಇಟ್ಟು ಹುರಿ ಅಳೆದರು. ಎಂಟೇ ವಾರ. ಜಗ್ಗಿರಲಿಲ್ಲ. ನೋಟ್‌ಬುಕ್ಕಿನ ಗೀರು ಎಣಿಸಿದರು. ಇನ್ನೂರ ಇಪ್ಪತ್ತೇ.

"ಈಗ ಕಾರ ಹತ್ರಿ," ಎಂದೆ.

ಆ ಕಲ್ಲಿನಿಂದ ಆರು ಕಲ್ಲು ಓಡಿಸಿದೆವು. ಮುಳ್ಳನ್ನು ಇಪ್ಪತ್ತರ ಮೇಲೆ ಹಿಡಿಯಬೇಕೆಂದು ಡಾಕ್ಟರಿಗೆ ತಾಕೀತು. ಇಪ್ಪತ್ತರಲ್ಲಿ ಓಡಿದರೆ ಮೈಲಿಗೆ ಮೂರು ಮಿನಿಟು ಹಿಡಿಯಬೇಕು. ಗಡಿಯಾರ ಮ್ಯಾನೇಜರ ಕೈಯಲ್ಲಿತ್ತು. ಪ್ರತಿ ಕಲ್ಲಿಗೂ ಮೂರೂವರೆ. ಆರನೇ ಕಲ್ಲು ಬಂದಾಗ ಮೀಟರಿನಲ್ಲಿ ಸರಿದದ್ದು ಏಳು. "ಇನ್ನೊಮ್ಮೆ" ಎಂದರು. ಹೊರಳಿಸಿ ತಂದೆವು. ಆರಕ್ಕೆ ಏಳು.

ಅವರು ಕರ್ಚೀಪಿನಿಂದ ಮುಖ ಒರೆಸಿಕೊಂಡರು. "ಒಳಗಿನ ಸಣ್ಣ ಹಲ್ಲಿನ ಗಾಲಿ ಬ್ಯಾರೆ ಮಾಡಲ್ ಕಾರಿಂದು ಕೂಡಿಸ್ಯಾರೋ ಏನೋ, ಅಕ್ಕಾರ."

"ಕಾರ ಕೊಡುವಾಗ ನೋಡಬೇಕಿತ್ತಲ್ರಿ. ಬರೀರಿ."

"ಗದಗಿಗೆ ಹೋಗಿ ಟೈಪ್ ಮಾಡಸ್ತೀನಿ."

"ಇಲ್ಲೇ ಬರೀರಿ. ಕಲ್ಲಿನ ಮುಂದ."

ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ನಾನು ಹೇಳುತ್ತ ಹೋದೆ: ಮೀಟರು ಆರಕ್ಕೆ ಏಳು ತೋರಿಸುತ್ತದೆ. ಗೇರು ಕೆಟ್ಟಾಗ ಕಾರು ಓಡಿದ್ದು ಐದು ಸಾವಿರದ ಏಳುನೂರು ಮೈಲು. ಗ್ಯಾರಂಟಿಯ ಒಳಗಿದೆ, ಗೇರ್‌ಬಾಕ್ಸು ಬದಲಿಸತಕ್ಕದ್ದು. ತಾರೀಖು, ಸಹಿ, ಠಸ್ಸೆ.

ಠಸ್ಸೆ ಒತ್ತುವಾಗ ಒಂದು ಕ್ಷಣ ತಡೆದರು. "ಮುಂಬಯಿಯಾವ್ರು ಒಪ್ಪಲಿಲ್ಲಂದ್ರ?"

"ಇಲ್ಲಿಗೆ ಕಳಿಸ್ರಿ. ಹುರಿ ಎತ್ತಿ ಇಟ್ಟಿರ್ತೀನಿ. ಅವರಿಗೂ ಒಂದ ತುದಿ ಹಿಡಿಯಾಕ ಕೊಡ್ತೀನಿ."

ಒತ್ತಿದರು.

ಅಲ್ಲಿಂದ ಶಿಗ್ಲಿಗೆ, ನೀಲವ್ವನ ಮನೆಗೆ. ಮಗ್ಗದ ಪಕ್ಕದಲ್ಲೇ ಯಂತ್ರ ಇಳಿಸಿ, ಡಾಕ್ಟರು ಹಲ್ಲು ಕೂಡಿಸಿದರು. ಒತ್ತುತ್ತದೆ ಎಂದಳು, ತಿಕ್ಕಿದರು. ಮತ್ತೆ ಎಡಕ್ಕೆ ಒತ್ತುತ್ತದೆ ಎಂದಳು, ಮತ್ತೆ ತಿಕ್ಕಿದರು. ಮೂರನೆಯ ಸಲ ದವಡೆ ಆಡಿಸಿ ನೋಡಿದಳು. ಎದ್ದು ಹೋಗಿ ಸೊಸೆಯ ಪಕ್ಕದಲ್ಲಿ ಕೂತಳು. ಹರಿದ ಒಂದು ಎಳೆ ಹುಡುಕಿ, ಎರಡೂ ಕೈಯಿಂದ ಹೊಸೆದು, ಬಗ್ಗಿ, ಟಕ್ಕೆಂದು ಕಚ್ಚಿದಳು. ಬಾಲ ಉಳಿಯಲಿಲ್ಲ.

"ಸರಿ ಆಕಡೆ," ಎಂದಳು ಸೊಸೆಗೆ.

ಸೊಸೆ ನಕ್ಕು ಜಾಗ ಬಿಟ್ಟಳು.

"ಎರಡ ದಿನ ಗಂಜಿ ಕುಡಿಬೇಕು ನೋಡ, ಗಟ್ಟಿ ತಿನ್ನಬ್ಯಾಡ," ಎಂದರು ಡಾಕ್ಟರು.

"ನನ್ನ ಗಂಜಿ ಎಲ್ಲಾ ಹುರಿಗೆ ಉಣಿಸೇನ್ರಿ. ಇನ್ನ ನಾ ರೊಟ್ಟಿನ ತಿನ್ನಾಕಿ."

ಎಲ್ಲರೂ ಅಲ್ಲೇ ಉಂಡೆವು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಹಸಿ ಉಳ್ಳಾಗಡ್ಡಿ, ಕೆನೆಮೊಸರು. ಮ್ಯಾನೇಜರು ಐದು ರೊಟ್ಟಿ ತಿಂದರು (ಇದನ್ನೂ ವಹಿಯಲ್ಲಿ ಬರೆದಿದ್ದೇನೆ). ನೀಲವ್ವ ಎರಡು ತಿಂದಳು, ಡಾಕ್ಟರ ಕಡೆ ಬೆನ್ನು ಮಾಡಿ.

ಬರುವಾಗ ಮಧ್ಯಾಹ್ನದ ಬಿಸಿಲು, ಎರಡನೇ ಗೇರಿನ ಜೋಗುಳ. ಮೊದಲು ನಿದ್ದೆ ಹೋದವರು ಮ್ಯಾನೇಜರು, ಗಜವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ನಾನು ಹಿಂದಿನ ಸೀಟಿನಲ್ಲಿ ಕೂತು ಕಲ್ಲು ಎಣಿಸುತ್ತ ಬಂದೆ. ಗದಗ ಕಾಣುವ ಹೊತ್ತಿಗೆ ಅವರಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಹಿಂದಕ್ಕೆ ಹೊರಳಿದರು.

"ಎಷ್ಟ ಮೈಲ ಬಂದ್ವಿ, ಅಕ್ಕಾರ?"

ಮೀಟರು ಅವರ ಮುಂದೆಯೇ ಇತ್ತು. ಕೇಳಿದ್ದು ನನ್ನನ್ನು.